ಮಲಗಿಸಿ ಬರೆದ ಆನೆ

ನಮ್ಮ ಗುಂಪು ಹುಟ್ಟಿದ್ದು ಲ್ಯಾಬ್ ಸರ್ ಅವರ ಮೀಸೆಯಿಂದ. ಅದು ಸಾಧಾರಣ ಮೀಸೆಯಲ್ಲ. ಸರ್ ವಿದ್ಯಾಗಿರಿಯ ತಿರುವಿನಲ್ಲಿ ಬೈಕು ತಿರುಗಿಸುವ ಹೊತ್ತಿಗೆ ಮೀಸೆ ಆಗಲೇ ಕಾಲೇಜಿನ ಗೇಟು ದಾಟಿ ಹಾಜರಿ ಹಾಕಿರುತ್ತಿತ್ತು. ಹೋದ ವರ್ಷ, ಡಿಪ್ಲೊಮಾದ ಎರಡನೇ ಸೆಮಿಸ್ಟರಿನ ಒಂದು ಮಧ್ಯಾಹ್ನ, ನಾನು ಆ ಮೀಸೆಯನ್ನು ಬರೀ ಕಂಪ್ಯೂಟರಿನ ಅಕ್ಷರಗಳಿಂದ ಕಟ್ಟಿದೆ. ಮುಖಕ್ಕೆ ಎರಡು ಕಂಸ, ಮೂಗಿಗೆ ಒಂದು ಸೊನ್ನೆ. ಮೀಸೆಗೆ ಮಾತ್ರ ಕೀಬೋರ್ಡಿನಲ್ಲಿದ್ದ ಓರೆಗೆರೆಗಳೆಲ್ಲ ಸವೆದುಹೋದವು.

ಬೇರೆ ದಾರಿ ಇರಲಿಲ್ಲ. ನಮ್ಮ ಲ್ಯಾಬಿನಲ್ಲಿ ಇಂಟರ್ನೆಟ್ ಇಲ್ಲ. ಗೇಮುಗಳನ್ನು ತೆಗೆದಿದ್ದರು. ಚಿತ್ರ ಬರೆಯುವ ಸಾಫ್ಟ್‌ವೇರನ್ನೂ ತೆಗೆದಿದ್ದರು, ಹಿಂದಿನ ಬ್ಯಾಚಿನವರು ಅದರಲ್ಲಿ ಪ್ರಿನ್ಸಿಪಾಲರಿಗೆ ಬಾಲ ಬರೆದಿದ್ದರಂತೆ. ಪೆನ್ ಡ್ರೈವ್ ಹಾಕುವ ಕಿಂಡಿಗಳಿಗೆಲ್ಲ ದಪ್ಪ ಕರಿ ಟೇಪು. ಫೋನುಗಳು ಬಾಗಿಲ ಬಳಿಯ ಬುಟ್ಟಿಯಲ್ಲಿ. ಉಳಿದದ್ದು ಅಕ್ಷರ ಹೊಡೆಯುವ ನೋಟ್‌ಪ್ಯಾಡ್ ಒಂದೇ. ಹಸಿದವನ ಮುಂದೆ ಉಪ್ಪಿನ ಡಬ್ಬಿ ಇಟ್ಟು ಬಾಗಿಲು ಹಾಕಿಕೊಂಡು ಹೋದ ಹಾಗೆ. ನಾವು ಉಪ್ಪಿನಲ್ಲೇ ಅಡುಗೆ ಮಾಡಿದೆವು.

ನನ್ನ ಮೀಸೆಯನ್ನು ಮೊದಲು ನೋಡಿದವನು ಪಕ್ಕದ ಕುರ್ಚಿಯ ಬಾದಾಮಿ ಹುಡುಗ. ಅವನ ಅಬ್ಬಾ ಮಿಕ್ಸರು, ಫ್ಯಾನು ರಿಪೇರಿ ಮಾಡುತ್ತಾರೆ. ಅವನ ಊರಿನ ಕೋತಿಗಳು ಪ್ರವಾಸಿಗರ ಚೀಲದ ಜಿಪ್ಪು ತೆಗೆದು, ಬಾಳೆಹಣ್ಣು ಎತ್ತಿಕೊಂಡು, ಜಿಪ್ಪು ಮತ್ತೆ ಎಳೆದು ಹೋಗುತ್ತವೆ ಎಂದು ಅವನು ಎದೆ ಮುಟ್ಟಿ ಹೇಳುತ್ತಾನೆ. ಅಷ್ಟು ದೊಡ್ಡ ಸುಳ್ಳನ್ನು ನಾನು ಸಹ ಹೇಳಲಾರೆ. ಅವನು ನನ್ನ ಪರದೆ ನೋಡಿದವನೇ ತನ್ನ ಪರದೆಯಲ್ಲಿ ಒಂದು ಕೋತಿ ಕಟ್ಟಿ ತೋರಿಸಿದ. ನನ್ನ ಮೀಸೆಗಿಂತ ಅವನ ಕೋತಿ ಚೆನ್ನಾಗಿತ್ತು. ಹಾಗಂತ ನಾನು ಯಾರಿಗೂ ಹೇಳಿಲ್ಲ.

ಎರಡನೆಯದಾಗಿ ನೋಡಿದವಳು ಹಿಂದಿನ ಸಾಲಿನ ಇಳಕಲ್ ಹುಡುಗಿ. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮನೆಯಲ್ಲಿ ಸೀರೆಯ ಮಗ್ಗ ಇತ್ತು.

"ಇದು ಮೀಸಿ ಅಲ್ಲ, ಕಸಬರಿಗಿ," ಅಂದಳು. "ಎಡಕ್ಕ ನಾಕ್ ಗೆರಿ, ಬಲಕ್ಕ ಐದು. ಎಣಿಸಿ ಹಾಕಾಕ ಬರೂದಿಲ್ಲೇನು?"

"ಮೀಸಿ ಯಾರರ ಎಣಿಸಿ ಬೆಳಸ್ತಾರೇನು?"

"ಬೆಳಸೂದಿಲ್ಲ. ಹಾಕೂ ಮುಂದ ಎಣಿಸ್ಬೇಕು. ಎಣಿಸ್ದ ಹಾಕಿದ್ರ ಆನಿ ಹಂದಿ ಆಗ್ತೈತಿ."

ಇದು ಅವಳ ಅಜ್ಜಿಯ ಮಾತು. ಅಜ್ಜಿ ಕಸೂತಿ ಹಾಕುವವರು. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚುವ ಮನೆಯಲ್ಲಿ ಬೆಳೆದವಳಿಗೆ ಪರದೆಯ ಮೇಲಿನ ಸಾಲುಗಳು ಬಟ್ಟೆಯ ಹಾಗೆ ಕಂಡಿದ್ದವು. ಅಡ್ಡಗೆರೆ, ನಿಂತ ಗೆರೆ ಹಾಕಿದರೆ ಗವಂತಿ ಹೊಲಿಗೆ. ಓರೆಗೆರೆ ಮೆಟ್ಟಿಲಂತೆ ಏರಿದರೆ ಮುರ್ಗಿ ಹೊಲಿಗೆ. ಅವಳು ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಲ್ಯಾಬ್ ಸರ್ ಬೋರ್ಡಿನ ಕಡೆ ತಿರುಗಿದ್ದಷ್ಟು ಹೊತ್ತಿನಲ್ಲಿ ಒಂದು ತೊಟ್ಟಿಲು ಕಟ್ಟಿದಳು. ತೊಟ್ಟಿಲು ತೂಗುತ್ತಿತ್ತು. ಖರೆ ಹೇಳುತ್ತೇನೆ, ಒಳಗೆ ಕೂಸು ಅತ್ತದ್ದೂ ಕೇಳಿಸಿತು.

ಹಾಗೆ ನಾವು ಮೂವರಾದೆವು. ಗುಂಪಿಗೆ ಕಳ್ಳಹೊಲಿಗೆ ಎಂದು ಹೆಸರಿಟ್ಟೆವು. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕಬಾರದಂತೆ, ಅದಕ್ಕೆ ಅವಳು ನಮಗೂ ಒಂದು ಕಾನೂನು ಮಾಡಿದಳು. ಅಳಿಸುವ ಕೀಲಿ ಮುಟ್ಟುವ ಹಾಗಿಲ್ಲ. ಕಾಪಿ ಮಾಡಿ ಅಂಟಿಸುವ ಹಾಗಿಲ್ಲ. ತಪ್ಪಿದರೆ ತಪ್ಪನ್ನೇ ಸುತ್ತಿ ಮುಂದೆ ಹೋಗಿ ಅದಕ್ಕೊಂದು ರೂಪ ಕೊಡಬೇಕು. ಈ ಕಾನೂನಿನಿಂದ ನನ್ನ ಮೊದಲ ನವಿಲಿಗೆ ಮೂರು ಕಾಲು ಬಂದವು. ಮೂರನೆಯದು ಊರುಗೋಲು ಎಂದು ನಾನು ವಾದಿಸಿದೆ, ನವಿಲಿಗೆ ವಯಸ್ಸಾಗಿದೆ ಅಂದೆ. ಐಹೊಳೆಯಲ್ಲಿ ಶಿಲ್ಪಿಗಳು ಕೈ ಪಳಗಿಸಿಕೊಂಡರು ಅನ್ನುತ್ತಾರಲ್ಲ, ನಮ್ಮ ಐಹೊಳೆ ಆ ನವಿಲು.

ಕಡತಗಳನ್ನು ಬಚ್ಚಿಡುವ ಜಾಗ ಕಂಡುಹಿಡಿದವನು ನಾನು. ಇದನ್ನು ಎರಡು ಸಲ ಹೇಳುತ್ತೇನೆ, ಕಂಡುಹಿಡಿದವನು ನಾನು. ಪ್ರತಿ ಕಂಪ್ಯೂಟರಿನಲ್ಲೂ ಸಿಲಬಸ್ ಎಂಬ ಫೋಲ್ಡರ್ ಇತ್ತು. ಅದನ್ನು ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳೂ ತೆರೆಯುತ್ತಿರಲಿಲ್ಲ, ಕಲಿಸುವವರೂ ತೆರೆಯುತ್ತಿರಲಿಲ್ಲ. ಅದರೊಳಗೆ ನಮ್ಮ ಕೋತಿ, ತೊಟ್ಟಿಲು, ನವಿಲುಗಳು ಸಂಸಾರ ಹೂಡಿದವು. ಕೆಲವು ಸೋಮವಾರ ಲ್ಯಾಬು ತೆರೆದಾಗ ಎಲ್ಲ ಪರದೆಗಳ ಮೇಲೂ ಒಂದೊಂದು ಕೋತಿ ಕೂತಿರುತ್ತಿತ್ತು, ಕೆಳಗೆ ಸಣ್ಣದಾಗಿ ಸೂಜಿಯ ಗುರುತು. ಒಂದು ಸೋಮವಾರ ಕೋತಿಯ ಬದಲು ಮೀಸೆ ಕೂತಿತ್ತು. ಲ್ಯಾಬ್ ಸರ್ ಪರದೆಯ ಮುಂದೆ ಬಹಳ ಹೊತ್ತು ನಿಂತರು.

"ಯಾರಿಂವ?" ಅಂದರು.

ನಾವು ಮೂವರೂ ಕೀಬೋರ್ಡಿನ ಧೂಳು ಒರೆಸತೊಡಗಿದೆವು.

"ಯಾರರ ಇರ್ಲಿ. ಮೀಸಿ ಚಲೋ ಬಿಟ್ಟಾನ," ಅಂದು ತಮ್ಮ ಮೀಸೆ ನೀವಿಕೊಂಡು ಹೋದರು.

ಇಷ್ಟಕ್ಕೇ ನಿಂತಿದ್ದರೆ ನಾವು ಸುಖವಾಗಿರುತ್ತಿದ್ದೆವು. ಆದರೆ ಆ ಹುಡುಗಿಗೆ ಒಂದು ಆಸೆ ಇತ್ತು. ಅವಳ ಅಜ್ಜಿಯ ಬಳಿ ಅಂಬಾರಿ ಹೊತ್ತ ಒಂದು ಆನೆಯ ವಿನ್ಯಾಸ ಇದೆ. ಅಜ್ಜಿಗೆ ಅವರ ಅತ್ತೆ ಕಲಿಸಿದ್ದು, ಎಲ್ಲಿಯೂ ಬರೆದಿಟ್ಟಿಲ್ಲ, ಎಲ್ಲ ಬೆರಳಿನಲ್ಲಿ. ಅದನ್ನು ಹಾಕುವಾಗ ಅಜ್ಜಿ ಗೋಡೆಗೆ ಮುಖ ಮಾಡಿ ಕೂರುತ್ತಾರೆ, ಯಾರೂ ನೋಡಿ ಕಲಿಯಬಾರದೆಂದು. ಸೊಸೆಯರು ನೀರು ಕೊಡುವ ನೆಪದಲ್ಲಿ ಇಣುಕಿದರೆ ಸೆರಗು ಮುಚ್ಚಿಬಿಡುತ್ತಾರಂತೆ. ನಮಗಿಂತ ಗುಟ್ಟಿನ ಸಂಘ, ಒಬ್ಬರೇ ಸದಸ್ಯರು.

ಹುಡುಗಿ ಅಜ್ಜಿಯನ್ನು ಕಾಡಿದ್ದಳು. ತಾನೂ ಕಾಲೇಜಿನಲ್ಲಿ ಕಸೂತಿ ಹಾಕುತ್ತೇನೆ, ದಾರ ಇಲ್ಲದೆ, ಅಂದಿದ್ದಳು. ಅಜ್ಜಿ ಕೊಟ್ಟ ಉತ್ತರವನ್ನು ಅವಳು ನಮಗೆ ಅಜ್ಜಿಯ ದನಿಯಲ್ಲೇ ಒಪ್ಪಿಸಿದಳು.

"ದಾರ ಇಲ್ದ ಕಸೂತಿ, ಹಿಟ್ಟ ಇಲ್ದ ರೊಟ್ಟಿ. ಬಾಯಿಲೇ ಹೇಳಬ್ಯಾಡ, ತಂದ್ ತೋರ್ಸು. ಸೊಂಡ್ಲದಿಂದ ಬಾಲದ ತನಕ ಒಂದ ಆನಿ, ನಡಕ ಒಂದೂ ಜೋಡ ಇರಬಾರ್ದು. ತಂದ್ರ ನನ್ನ ಆನಿ ಕಲಸ್ತೇನಿ. ತರದಿದ್ರ ಗ್ವಾಡಿ ಐತಿ, ನಾ ಅದೇನಿ."

ಸೆಮಿಸ್ಟರಿನ ಕೊನೆಗೆ ಸುದ್ದಿ ಬಂತು, ಬರುವ ರವಿವಾರ ಅಜ್ಜಿ ಹೊಸ ಸೀರೆಯೊಂದರ ಸೆರಗಿಗೆ ಆ ಆನೆ ಹಾಕಲು ಕೂರುವವರಿದ್ದರು. ಮತ್ತೆ ಯಾವಾಗ ಹಾಕುತ್ತಾರೋ ಗೊತ್ತಿಲ್ಲ. ಅಷ್ಟರೊಳಗೆ ನಮ್ಮ ಆನೆ ಇಳಕಲ್ಲಿಗೆ ನಡೆಯಬೇಕಿತ್ತು.

ಆನೆಯ ಕೆಲಸವನ್ನು ನಾವು ಸೆಮಿಸ್ಟರ್ ಪೂರ್ತಿ ಮಾಡುತ್ತಲೇ ಬಂದಿದ್ದೆವು. ಆದರೆ ಜೋಡಿಲ್ಲದ, ಅಂದರೆ ಎಲ್ಲಿಯೂ ತುಂಡು ಕೂಡಿಸದ ಆನೆ ಎಂಬುದು ಸುಲಭದ ಪ್ರಾಣಿಯಲ್ಲ. ಫೋನಿಗೆ ಹಾಕಿದರೆ ಸಾಲು ಮುರಿದು ಸೊಂಡಿಲು ಹೊಟ್ಟೆಯೊಳಗೆ ಹೋಗುತ್ತದೆ. ಆಫೀಸಿನ ಹೊಸ ಪ್ರಿಂಟರಿನಲ್ಲಿ ತೆಗೆದರೆ ಹಾಳೆ ಹಾಳೆಯಾಗಿ ಬರುತ್ತದೆ, ಒಂದರಲ್ಲಿ ಕಿವಿ, ಒಂದರಲ್ಲಿ ಮೊಣಕಾಲು, ಕಟುಕನ ಅಂಗಡಿಯಂತೆ. ಉಳಿದದ್ದು ಲ್ಯಾಬಿನ ಮೂಲೆಯಲ್ಲಿದ್ದ ಹಳೆಯ ಪ್ರಿಂಟರು. ಸೂಜಿಗಳು ರಿಬ್ಬನ್ನಿನ ಮೇಲೆ ಕುಟ್ಟಿ ಕುಟ್ಟಿ ಅಕ್ಷರ ಮೂಡಿಸುವಂಥದು, ಎರಡೂ ಅಂಚಿಗೆ ತೂತುಗಳಿರುವ ಮಡಿಕೆ ಕಾಗದ ಎಲ್ಲಿಯೂ ತುಂಡಾಗದೆ ಹರಿದುಬರುವಂಥದು. ಅದು ಶುರುವಾದರೆ ಬಾಗಲಕೋಟೆಯ ನಾಯಿಗಳೆಲ್ಲ ಎದ್ದು ಕೂರುತ್ತಿದ್ದವು.

ಆ ಕಾಗದ ಉದ್ದಕ್ಕೆ ಎಷ್ಟು ಬೇಕಾದರೂ ಬರುತ್ತದೆ, ಅಗಲಕ್ಕೆ ಮಾತ್ರ ಅಷ್ಟೇ. ದೊಡ್ಡ ಆನೆ ಬೇಕೆಂದರೆ ಅದನ್ನು ಮಲಗಿಸಿ ಬರೆಯಬೇಕು. ಕಾಗದದ ತಲೆಯ ಕಡೆ ಸೊಂಡಿಲು, ಕಾಲ ಕಡೆ ಬಾಲ. ಹೀಗಾಗಿ ಸೆಮಿಸ್ಟರ್ ಪೂರ್ತಿ ನಾವು ಮೂವರೂ ಕುತ್ತಿಗೆ ಬಲಕ್ಕೆ ವಾಲಿಸಿಕೊಂಡು ಕೂತೆವು. ಊಟಕ್ಕೆ ಹೋದರೂ ಕುತ್ತಿಗೆ ನೆಟ್ಟಗಾಗುತ್ತಿರಲಿಲ್ಲ. ನಾನು ದಿನವೂ ಊರಿಗೆ ಹೋಗುವ ಹುನಗುಂದದ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು, ನಾನು ಅವರ ಭುಜದ ಮೇಲೆ ಮಲಗುವವನಿದ್ದೇನೆ ಎಂದು ಸರಿದು ಕೂರುತ್ತಿದ್ದರು. ಒಂದು ದಿನ ಲ್ಯಾಬ್ ಸರ್ ಬಾದಾಮಿ ಹುಡುಗನ ಬಳಿ ನಿಂತರು.

"ಯಾಕಪಾ, ಕುತಗಿ ಹಿಡ್ಕೊಂಡೈತೇನು?"

"ಹೌದ್ರಿ ಸರ್. ತಲಿದಿಂಬ ಎತ್ರ ಆಗೇತ್ರಿ."

"ಮೂರೂ ಮಂದಿದೂ?"

"ಒಂದ ಅಂಗಡ್ಯಾಗ ತಗೊಂಡೇವ್ರಿ," ಅಂದೆ ನಾನು.

ಆನೆಯ ಹಿಂಗಾಲು ನನ್ನ ಪಾಲಿಗೆ ಬಂದಿತ್ತು. ಗಜಗಂಭೀರವಾಗಿ ಇಳಿಸುತ್ತಿದ್ದೆ, ಒಂದು ಸೀನು ಬಂತು, ಕಾಲಿಗೆ ಅಡ್ಡಲಾಗಿ ಬೇಡದ ಚುಕ್ಕೆಗಳ ಒಂದು ಸಾಲು ಬಿತ್ತು. ಅಳಿಸುವ ಹಾಗಿಲ್ಲ. ಅದನ್ನೇ ಸುತ್ತಿ ಗೆಜ್ಜೆ ಮಾಡಿದೆ. ಒಂದು ಕಾಲಿಗೆ ಮಾತ್ರ ಗೆಜ್ಜೆ ಕಟ್ಟಿಕೊಂಡ ಆನೆ ಕರ್ನಾಟಕದಲ್ಲಿ ನಮ್ಮದೊಂದೇ ಇರಬೇಕು.

ಆನೆ ಮುಗಿಯಿತು. ಶುಕ್ರವಾರ ಪ್ರಿಂಟು ತೆಗೆಯಬೇಕೆಂದು ಲ್ಯಾಬಿಗೆ ಹೋದರೆ ಮೂಲೆ ಖಾಲಿ. ಧೂಳಿನಲ್ಲಿ ಪ್ರಿಂಟರಿನ ಆಕಾರದ ಒಂದು ಚೌಕ ಮಾತ್ರ ಶುಭ್ರವಾಗಿ ಹೊಳೆಯುತ್ತಿತ್ತು. ಹಳೆಯ ಕುರ್ಚಿಗಳ ಜೊತೆ ಅದನ್ನೂ ಬೆಳಿಗ್ಗೆಯೇ ಗುಜರಿ ಗಾಡಿಗೆ ಹಾಕಿ ಕಳಿಸಿದ್ದರು.

ಹುಡುಗಿ ಆ ಚೌಕವನ್ನು ನೋಡುತ್ತ ನಿಂತಳು. ಅಳಲಿಲ್ಲ, ಬೈಯಲಿಲ್ಲ. "ಇರ್ಲಿ ಬಿಡ್ರಿ. ಗ್ವಾಡಿ ಐತಿ, ಅಜ್ಜಿ ಅದಾಳ," ಅಂದಳು.

ಅವಳು ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಹಾಗಂದದ್ದಕ್ಕೆ ನನ್ನ ಬಾಯಿ ತಾನಾಗಿ ತೆರೆಯಿತು.

"ನಮ್ಮ ಮಾವನ ಹಂತ್ಯಾಕ ಇಂಥಾದ್ದ ಒಂದ್ ಮಷಿನ್ ಐತಿ. ಹುನಗುಂದದಾಗ."

ಇಬ್ಬರೂ ನನ್ನ ಕಡೆ ತಿರುಗಿದರು. ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು. ನನ್ನ ಸೋದರಮಾವ ಹುನಗುಂದ ಕೋರ್ಟಿನಲ್ಲಿ ಭಾರೀ ದೊಡ್ಡ ಮನುಷ್ಯ, ಅವನ ಸಹಿ ಇಲ್ಲದೆ ಜಡ್ಜ್ ಸಾಹೇಬರು ಚಹಾ ಸಹ ಕುಡಿಯುವುದಿಲ್ಲ ಎಂದು ನಾನು ಇವರಿಗೆ ಮೊದಲ ವಾರವೇ ಹೇಳಿದ್ದೆ.

"ದೊಡ್ಡ ಸಾಹೇಬ್ರ ಆಫೀಸಿನ್ಯಾಗ ನಮ್ಮನ್ನ ಬಿಡ್ತಾರೇನಲೇ?" ಅಂದ ಬಾದಾಮಿ ಹುಡುಗ.

"ನಾ ಅದೇನಿ," ಅಂದೆ.

ಕಡತವನ್ನು ಲ್ಯಾಬಿನಿಂದ ಹೊರಗೆ ತಂದದ್ದು ಅವನೇ. ಬೆರಳ ತುದಿಯಿಂದ ಕರಿ ಟೇಪಿನ ಒಂದು ಮೂಲೆ ಎತ್ತಿ, ಪೆನ್ ಡ್ರೈವ್ ಹಾಕಿ, ತೆಗೆದು, ಟೇಪು ಮತ್ತೆ ಅಂಟಿಸಿದ. ಆ ಕ್ಷಣದಿಂದ ಅವನ ಊರಿನ ಕೋತಿಗಳ ಕತೆಯನ್ನು ನಾನು ಪೂರ್ತಿ ನಂಬುತ್ತೇನೆ.

ಮರುದಿನ ಎರಡನೇ ಶನಿವಾರ, ಕೋರ್ಟಿಗೆ ರಜೆ. ಹುನಗುಂದದಲ್ಲಿ ಬಸ್ಸಿಳಿದು ಕೋರ್ಟಿನ ಕಡೆ ನಡೆದೆವು. ನಾನು ಗೇಟಿನೊಳಗೆ ಹೋಗದೆ ಮುಂದೆ ನಡೆದೆ. ಅವರೂ ಬಂದರು. ಬೇವಿನ ಮರದ ಕೆಳಗೆ ತಗಡಿನ ಒಂದು ಡಬ್ಬಿ ಅಂಗಡಿ, ಮೇಲೆ ಟೈಪಿಂಗ್, ಅರ್ಜಿ, ಝೆರಾಕ್ಸ್ ಎಂದು ಬರೆದ ಬೋರ್ಡು, ಒಳಗೆ ಬನಿಯನ್ನಿನಲ್ಲಿ ಕೂತು ಗಿರ್ಮಿಟ್ ತಿನ್ನುತ್ತಿದ್ದ ನನ್ನ ಮಾವ.

ಬಾದಾಮಿ ಹುಡುಗ ಬೋರ್ಡು ಓದಿದ. ಮಾವನನ್ನು ನೋಡಿದ. ನನ್ನನ್ನು ನೋಡಿದ. "ಜಡ್ಜ್ ಸಾಹೇಬ್ರು ಚಾ ಕುಡದ್ರೇನ್ರಿ ಮಾವಾರ?" ಅಂದ.

"ಯಾ ಜಡ್ಜ್?" ಅಂದ ಮಾವ.

"ಏನಿಲ್ಲ ಮಾವಾ, ಅಂವಗ ಬಿಸಲ ತಾಗೇತಿ," ಅಂದು ನಾನು ಮಾತು ತಿರುಗಿಸಿದೆ.

ಮಾವನ ಪ್ರಿಂಟರು ಜೀವಂತವಾಗಿತ್ತು. ಕೋರ್ಟಿನ ಅರ್ಜಿಗಳಿಗೆ ನಡುವೆ ಕಾರ್ಬನ್ ಇಟ್ಟು ಎರಡೆರಡು ಪ್ರತಿ ತೆಗೆಯಬೇಕು, ಆ ಕೆಲಸ ಕುಟ್ಟುವ ಯಂತ್ರಕ್ಕೇ ಸಾಧ್ಯ ಎಂದು ಅವನು ಅದನ್ನು ಎಣ್ಣೆ ಹಚ್ಚಿ ಸಾಕಿಕೊಂಡಿದ್ದ. ನಮ್ಮ ಆನೆಯ ಕತೆ ಕೇಳಿ, "ಆತು, ತಗೀರಿ, ರಜಾ ಐತಿ. ಆದ್ರ ಕೋರ್ಟ್ ಕಾಗದದ ಮ್ಯಾಲ ಪ್ರಾಣಿ ಬಿಡಬ್ಯಾಡ್ರಿ," ಅಂದು ಹೆಚ್ಚಿಗೆ ಉಳಿದಿದ್ದ ಮಡಿಕೆ ಕಾಗದದ ಒಂದು ಪೆಟ್ಟಿಗೆ ಎಳೆದುಕೊಟ್ಟ.

ಮೊದಲ ಪ್ರಯತ್ನದಲ್ಲಿ ಆನೆಯ ಬದಲು ಕನ್ನಡ ಬಂತು. ಮಾವನ ಕಂಪ್ಯೂಟರಿನಲ್ಲಿರುವುದು ಹಳೆಯ ಕನ್ನಡ ಫಾಂಟು. ಅದಕ್ಕೆ ಇಂಗ್ಲಿಷಿನ ಯಾವ ಅಕ್ಷರ ಕೊಟ್ಟರೂ ಕನ್ನಡದ ಒಂದು ತುಣುಕು ಹೊಡೆಯುತ್ತದೆ, ಒಂದು ಅಗಲ, ಒಂದು ಸಣ್ಣ. ನಾವು ಆನೆಯ ಬೆನ್ನಿಗೆ ಹೊದಿಸಿದ ಝೂಲಿಗೆ, ಅಂಬಾರಿಗೆ ತುಂಬಿದ್ದ ಅಕ್ಷರಗಳೆಲ್ಲ ಒತ್ತು, ದೀರ್ಘ, ಕೊಂಬುಗಳಾಗಿ ಉದುರಿದವು. ಆನೆ ಸೊಂಟ ಮುರಿದುಕೊಂಡು ಕುಸಿಯಿತು. ಮಾವ ಅಭ್ಯಾಸ ಬಲದಿಂದ ಕಾಗದ ಎತ್ತಿಕೊಂಡು ಅರ್ಜಿ ಓದುವ ದನಿಯಲ್ಲಿ ಓದಲು ಹೊರಟ. ಎರಡನೇ ಸಾಲಿಗೆ ನಾಲಿಗೆ ಹೊರಳಲಿಲ್ಲ. "ಇಂಥಾ ಅರ್ಜಿ ನಾ ಭಾಳ ನೋಡೇನಿ," ಅಂದ, "ಇದಕ್ಕ ಮುಂದಿನ ತಾರೀಖ್ ಕೊಡ್ತಾರ."

ಬಾದಾಮಿ ಹುಡುಗ ಹುಡುಕಿ ಹುಡುಕಿ ಎಲ್ಲ ಅಕ್ಷರಗಳೂ ಒಂದೇ ಅಗಲವಿರುವ ಟೈಪಿಂಗ್ ಫಾಂಟು ಹಾಕಿದ. ಹಾಳೆಯ ಮೇಲೆ ಕೆಳಗೆ ಬಿಡುವ ಜಾಗವನ್ನು ಸೊನ್ನೆ ಮಾಡಿದ. ಹುಡುಗಿ ಪರದೆಯ ಮೇಲೆ ಬೆರಳಿಟ್ಟು ಸಾಲುಗಳನ್ನು ಎಣಿಸಿದಳು. ನಾನು ಗಿರ್ಮಿಟ್ ತಿಂದೆ. ಕೆಲಸ ಹಂಚಿಕೊಂಡು ಮಾಡಬೇಕು.

"ನೀ ಕಾರ್ಬನ್ ಹಾಕು," ಅಂದಳು ಹುಡುಗಿ. "ಮ್ಯಾಲಿಂದು ಅಜ್ಜಿಗೆ, ತೆಳಗಿಂದು ನಮಗ. ಒಂದರ ನಮ್ಮ ಹಂತ್ಯಾಕ ಉಳೀಬೇಕು."

ಎರಡು ಮಡಿಕೆ ಕಾಗದ ಒಂದರ ಮೇಲೊಂದು ಹರಿದುಹೋಗುವಾಗ ನಡುವೆ ಕಾರ್ಬನ್ ಹಾಳೆಗಳನ್ನು ಒಂದಾದ ಮೇಲೊಂದು ತೂರಿಸುತ್ತ ಹೋಗುವುದು ನನ್ನ ಕೆಲಸ. ಅದಕ್ಕೂ ಮೊದಲು ನಾನು ಕಾರ್ಬನ್ ಹಾಳೆಯನ್ನು ಹುಟ್ಟಿದಾಗಿನಿಂದ ಮುಟ್ಟಿರಲಿಲ್ಲ. ಒಂದು ಮುಖ ಮಂಕು, ಒಂದು ಮುಖ ಮಿಂಚು. ಮಿಂಚುವ ಮುಖ ಯಾವಾಗಲೂ ಮೇಲಿರಬೇಕು ಎಂಬುದು ನನ್ನ ಜೀವನದ ತತ್ವ. ಹಾಗೆಯೇ ಇಟ್ಟೆ.

ಯಂತ್ರ ಕುಟ್ಟತೊಡಗಿತು. ತಗಡಿನ ಅಂಗಡಿ ನಡುಗಿತು, ಬೇವಿನ ಮರದ ಕಾಗೆಗಳು ಧಾರವಾಡಕ್ಕೆ ಹಾರಿಹೋದವು. ಮೊದಲು ಸೊಂಡಿಲಿನ ತುದಿ ಬಂತು, ಆಮೇಲೆ ದಂತ, ಆಮೇಲೆ ಕಿವಿ. ನಾವು ಮೂವರೂ ರೂಢಿಯಂತೆ ಕುತ್ತಿಗೆ ವಾಲಿಸಿದೆವು. ಸ್ವಲ್ಪ ಹೊತ್ತಿನಲ್ಲಿ ಮಾವನೂ ವಾಲಿಸಿದ. ಆನೆ ಅಂಗಡಿಯ ಬಾಗಿಲು ದಾಟಿ, ಕಟ್ಟೆ ಇಳಿದು, ಬೇವಿನ ಬುಡದವರೆಗೆ ಬಂದು, ಒಂದು ಕಾಲಿನ ಗೆಜ್ಜೆಯ ಸಮೇತ ನಿಂತಿತು. ಎಲ್ಲಿಯೂ ಜೋಡಿಲ್ಲ.

ಮಾವ ಮೇಲಿನದನ್ನು ಎತ್ತಿ ಕೆಳಗಿನದನ್ನು ನೋಡಿದ. ಕೆಳಗಿನ ಕಾಗದ ಅಮೀನಗಡದ ಕಡೆಯ ಹೊಲದಂತೆ ಖಾಲಿ.

"ಕಾರ್ಬನ್ ಉಲ್ಟಾ ಇಟ್ಟಾನ," ಅಂದ ಮಾವ. "ಮಸಿ ಮಾರಿ ತೆಳಗ ಇರ್ಬೇಕಲೇ, ಮಂಗ್ಯಾ."

"ನಮ್ಮೂರ ಮಂಗ್ಯಾಗ ಹೆಸರ ಇಡಬ್ಯಾಡ್ರಿ ಮಾವಾರ. ಅವು ಕಾರ್ಬನ್ ಸೀದಾ ಇಡ್ತಾವು," ಅಂದ ಬಾದಾಮಿ ಹುಡುಗ.

ನನ್ನ ಹತ್ತೂ ಬೆರಳು ಕಪ್ಪಾಗಿದ್ದವು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಮೇಲಿನ ಕಾಗದದ ಅಂಚು ಮಡಿಸುವಾಗ ಅದರ ಬೆನ್ನು ಸ್ವಲ್ಪ ಕಂಡಿತು. ಅಲ್ಲೆಲ್ಲ ಕಪ್ಪು. ಉಲ್ಟಾ ಕಾರ್ಬನ್ನಿನ ಮಸಿ ಪೂರ್ತಿ ಅಜ್ಜಿಯ ಪ್ರತಿಯ ಬೆನ್ನಿಗೆ ಮೆತ್ತಿಕೊಂಡಿದೆ ಅಂದುಕೊಂಡೆ. ಮತ್ತೊಂದು ತೆಗೆಯೋಣವೆಂದರೆ ಪೆಟ್ಟಿಗೆಯಲ್ಲಿ ಕಾಗದ ಮುಗಿದಿತ್ತು. ನಾನು ಗಬಗಬನೆ ಮಡಿಕೆಗಳನ್ನು ಕೂಡಿಸಿ, ಮುಖ ಮೇಲೆ ಮಾಡಿ, ಸುತ್ತಲೂ ಹಗ್ಗ ಕಟ್ಟಿ, "ಆನಿ ನಾನ ಹಿಡ್ಕೋತೇನಿ," ಅಂದೆ. ಯಾರೂ ಅನುಮಾನಪಡಲಿಲ್ಲ. ನಾನು ಕೆಲಸ ಮಾಡಲು ಮುಂದೆ ಬಂದದ್ದಕ್ಕೇ ಅವರಿಗೆ ಅನುಮಾನ ಬರಬೇಕಿತ್ತು.

ರವಿವಾರ ಬೆಳಿಗ್ಗೆ ಇಳಕಲ್ ಬಸ್ಸು. ಹುಡುಗಿ ಕಿಟಕಿ ಪಕ್ಕ ಕೂತು, ಅಜ್ಜಿಯ ಮುಂದೆ ಹೇಗೆ ಕೂರಬೇಕು, ಏನು ಮಾತಾಡಬಾರದು ಎಂದು ನಮಗೆ ಪಾಠ ಮಾಡುತ್ತಿದ್ದಳು.

"ಅಜ್ಜಿ ಮೊದ್ಲ ಮುಂದಿಂದು ನೋಡೂದಿಲ್ಲ," ಅಂದಳು. "ಬಟ್ಟಿ ಕೈಗೆ ಕೊಟ್ಟ ಕೂಡ್ಲೆ ಹೊಳ್ಳಿಸಿ ಹಿಂದ ನೋಡ್ತಾಳ. ಗವಂತಿ, ಮುರ್ಗಿ ಹಾಕಿದ್ರ ಎರಡೂ ಕಡಿ ಒಂದ ಥರ ಇರ್ಬೇಕು. ಹಿಂದ ಗಂಟು, ಜೋತಾಡೂ ದಾರ ಕಂಡ್ರ ಒಗದ ಬಿಡ್ತಾಳ."

ನನ್ನ ಬಾಯಲ್ಲಿದ್ದ ಶೇಂಗಾ ಅಲ್ಲೇ ನಿಂತಿತು.

"ಕಾಗದದ ಹಿಂದ ಏನ್ ಇರ್ತೈತಿ, ಖಾಲಿ ಇರ್ತೈತಿ," ಅಂದ ಬಾದಾಮಿ ಹುಡುಗ.

"ಅದ ನನ್ನ ಚಿಂತಿ. ಖಾಲಿ ಇದ್ರ ಇದು ಹಾಕಿದ್ದಲ್ಲ, ಬರದಿದ್ದು ಅಂತಾಳ. ಹೆಂಗರ ಮಾಡಿ ಒಪ್ಪಿಸ್ತೇನಿ. ಹಿಂದ ಸ್ವಚ್ಛ ಇದ್ರ ಸಾಕು."

ಸ್ವಚ್ಛ. ನಾನು ತೊಡೆಯ ಮೇಲಿನ ಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ದಾರಿಯಲ್ಲಿ ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ನಾನು ಹತ್ತಿದ ಬಸ್ಸುಗಳು ಪರೀಕ್ಷೆಯ ದಿನ ತಪ್ಪದೆ ಕೆಡುತ್ತವೆ. ಅವತ್ತು ಅದು ರೈಲಿನಂತೆ ಓಡಿತು.

ಅವರ ಮನೆಯ ಪಡಸಾಲೆಯಲ್ಲಿ ಮಗ್ಗ ರವಿವಾರದ ಸುಮ್ಮನಿರುವಿಕೆಯಲ್ಲಿತ್ತು. ಒಳಗಿನ ಕೋಣೆಯಲ್ಲಿ ಅಜ್ಜಿ ಆಗಲೇ ಗೋಡೆಗೆ ಮುಖ ಮಾಡಿ ಕೂತಿದ್ದರು. ಬೆನ್ನು ಮಾತ್ರ ಕಾಣುತ್ತಿತ್ತು, ಬೆನ್ನಿನ ಮೇಲೆ ಕೆಂಪು ಸೆರಗಿನ ಬಿಳಿ ಗೆರೆಗಳು. ಅಷ್ಟು ಸಣ್ಣ ಬೆನ್ನಿಗೆ ನಾನು ಯಾವತ್ತೂ ಅಷ್ಟು ಹೆದರಿಲ್ಲ.

"ಅಜ್ಜಿ, ಆನಿ ತಂದೇನಿ," ಅಂದಳು ಹುಡುಗಿ.

"ನಡಸ್ಕೊಂತ ತಂದ್ಯೋ, ಗಾಡ್ಯಾಗ ಹಾಕ್ಕೊಂಡ್ ತಂದ್ಯೋ?"

"ಬಸ್ಸಿನ್ಯಾಗ."

"ಟಿಕೆಟ್ ತಗಸಿದ್ರೇನು?" ಅಂದು ಅಜ್ಜಿ ತಿರುಗಿದರು. ಸೂಜಿಯನ್ನು ತಮ್ಮ ಸೆರಗಿಗೆ ಚುಚ್ಚಿಕೊಂಡು ಕೈ ಚಾಚಿದರು. ನಾನು ಹಗ್ಗ ಬಿಚ್ಚಲು ಆದಷ್ಟು ತಡಮಾಡಿದೆ, ಗಂಟು ಬಿಗಿಯಾಗಿದೆ ಅಂದೆ. ಗಂಟು ಎಂಬ ಮಾತು ಕೇಳಿ ಅಜ್ಜಿ ಹುಬ್ಬೇರಿಸಿದರು. ಬಾದಾಮಿ ಹುಡುಗ ನನ್ನ ಕೈಯಿಂದ ಕಟ್ಟು ಕಸಿದು ಹಗ್ಗ ಜಾರಿಸಿದ. ಆನೆ ಕೋಣೆಯ ಉದ್ದಕ್ಕೂ ಹಾಸಿಕೊಂಡು, ಹೊಸ್ತಿಲು ದಾಟಿ, ಬಾಲವನ್ನು ಪಡಸಾಲೆಯ ಮಗ್ಗದ ಕೆಳಗೆ ಇಟ್ಟಿತು.

ಅಜ್ಜಿ ಮುಂದಿನದನ್ನು ನೋಡಲಿಲ್ಲ. ಸೊಂಡಿಲಿನ ಕಡೆಯ ಅಂಚು ಹಿಡಿದು ಹೊಳ್ಳಿಸಿದರು. ನಾನು ಕಣ್ಣು ಮುಚ್ಚಿದೆ.

ಸ್ವಲ್ಪ ಹೊತ್ತು ಕಾದು ಒಂದು ಕಣ್ಣು ತೆರೆದೆ. ಅಜ್ಜಿ ಕಾಗದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಹುಡುಗಿಯ ಬಾಯಿ ತೆರೆದಿತ್ತು. ಕಾಗದದ ಬೆನ್ನ ಮೇಲೆ ಮಸಿ ಮೆತ್ತಿರಲಿಲ್ಲ. ಅಲ್ಲಿಯೂ ಒಂದು ಆನೆ ಇತ್ತು. ಗೆರೆಗೆ ಗೆರೆ, ಚುಕ್ಕೆಗೆ ಚುಕ್ಕೆ, ಈ ಕಡೆಯ ಆನೆಯ ಬೆನ್ನ ಹಿಂದೆಯೇ, ಮುಖ ಮಾತ್ರ ಆ ಕಡೆಗೆ. ಸೂಜಿ ಮುಂದೆ ಕುಟ್ಟಿದಲ್ಲೆಲ್ಲ ಉಲ್ಟಾ ಇಟ್ಟ ಕಾರ್ಬನ್ ಹಿಂದೆಯೂ ಒಂದೊಂದು ಗೆರೆ ಮೂಡಿಸಿತ್ತು. ಕಸೂತಿಯ ಬಟ್ಟೆ ಹೊಳ್ಳಿಸಿದರೆ ಹೇಗಿರುತ್ತದೋ ಹಾಗೆ.

ಅಜ್ಜಿ ಉಗುರಿನಿಂದ ಒಂದು ಗೆರೆಯನ್ನು ಮುಂದೆ ಮುಟ್ಟಿದರು, ಅದನ್ನೇ ಹಿಂದೆ ಮುಟ್ಟಿದರು. ಅಂಬಾರಿಯವರೆಗೆ ತುಟಿಯಲ್ಲೇ ಎಣಿಸುತ್ತ ಹೋದರು. ಕೊನೆಗೆ ಹೊಸ್ತಿಲ ಬಳಿ ಬಗ್ಗಿದರು.

"ಈ ಒಂದ ಕಾಲಿಗೆ ಗೆಜ್ಜಿ ಯಾಕ?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ, "ಅಲ್ಲಿ ತಪ್ಪಿತ್ತಜ್ಜಿ. ಅಳಸಲಿಲ್ಲ, ಸುತ್ತಿ ಹೋದ್ವಿ," ಅಂದಳು.

"ಬಿಚ್ಚಲಿಲ್ಲ?"

"ಇಲ್ಲ."

ಅಜ್ಜಿ ಹೂಂ ಅಂದರು. "ನಮ್ಮತ್ತಿ ಆನಿಗೂ ಒಂದ ಕಾಲಾಗ ಗೆಜ್ಜಿ ಐತಿ. ಯಾಕಂತ ನಾ ಒಂದಿನಾನೂ ಕೇಳಿದ್ದಿಲ್ಲ ನೋಡು," ಅಂದು ನಕ್ಕರು. ಆಮೇಲೆ ನಮ್ಮ ಮೂವರನ್ನೂ ನೋಡಿ, "ಹಿಂದಿಂದ ಯಾರು ಹಾಕಿದ್ರು?" ಅಂದರು.

ಇಬ್ಬರೂ ನನ್ನ ಕಡೆ ತಿರುಗಿದರು. ಇಂಥ ಹೊತ್ತಿನಲ್ಲಿ ವಿನಯ ತೋರಿಸುವವರು ಮೂರ್ಖರು.

"ನಾನ ರೀ ಅಜ್ಜಿ," ಅಂದೆ. "ಮುಂದಿಂದು ಇವ್ರೂ ಹಾಕ್ತಾರ. ಹಿಂದಿಂದ ಹಾಕೂದು ಭಾಳ ಕಠಿಣ."

"ಹೌದ್ರಿ ಅಜ್ಜಿ," ಅಂದ ಬಾದಾಮಿ ಹುಡುಗ, "ಇಂವ ಎಲ್ಲಾ ಹಿಂದಮುಂದನ ಮಾಡ್ತಾನ."

ಅಜ್ಜಿ ನನ್ನ ಕಪ್ಪು ಬೆರಳುಗಳನ್ನು ನೋಡಿದರು. "ಕೈ ತೊಳ್ಕೊಂಡ್ ಬರ್ರಿ ಇಬ್ರೂ, ಹೋಳಿಗಿ ಅದಾವು," ಅಂದರು. ಆಮೇಲೆ ಮೊಮ್ಮಗಳ ಕಡೆ ನೋಡಿ ಪಕ್ಕಕ್ಕೆ ಸರಿದು, ಚಾಪೆಯ ಮೇಲೆ ಜಾಗ ಮಾಡಿ, ಸೀರೆಯ ಸೆರಗನ್ನು ಇಬ್ಬರ ತೊಡೆಯ ಮೇಲೂ ಹರಡಿದರು. ಸೂಜಿ ಕಿತ್ತು ಅವಳ ಕೈಗೆ ಕೊಟ್ಟರು. ಗೋಡೆ ಅವರ ಬೆನ್ನಿಗಿತ್ತು.

ನಾವು ಕೈ ತೊಳೆದು, ಹೋಳಿಗೆಯ ತಾಟು ಹಿಡಿದು, ಆ ಪ್ರಸಿದ್ಧ ಆನೆಯನ್ನು ಕಣ್ಣಾರೆ ನೋಡೋಣವೆಂದು ಬಂದು ಎದುರಿಗೆ ಕೂತೆವು. ಅಜ್ಜಿ ಕೈ ಅಡ್ಡ ಹಿಡಿದರು.

"ಆಕಿಗೆ ಕಲಸ್ತೇನಿ ಅಂದಿದ್ದೆ, ನಿಮಗಲ್ಲ. ನೀವಿಬ್ರೂ ಗ್ವಾಡಿ ಕಡೆ ಮಾರಿ ಮಾಡಿ ಉಣ್ರಿ."

ಹಾಗಾಗಿ ಕಳ್ಳಹೊಲಿಗೆ ಗುಂಪಿನ ಇಬ್ಬರು ಸ್ಥಾಪಕ ಸದಸ್ಯರಾದ ನಾವು ಆ ಮಧ್ಯಾಹ್ನವೆಲ್ಲ ಎದುರಿನ ಗೋಡೆಗೆ ಮುಖ ಮಾಡಿ ಕೂತು ಹೋಳಿಗೆ ತಿಂದೆವು. ಗೋಡೆಯ ಮೇಲೆ ಒಂದು ಮೊಳೆ, ಮೊಳೆಗೆ ಒಂದು ಹಳೆಯ ಕ್ಯಾಲೆಂಡರು. ಅದನ್ನು ನಾನು ಬಾಯಿಪಾಠ ಮಾಡಿದ್ದೇನೆ, ಯಾವ ಹಬ್ಬ ಯಾವ ವಾರ ಬೇಕಾದರೂ ಕೇಳಿ. ಹಿಂದೆ ಹುಡುಗಿ ಎಳೆ ಎಣಿಸುವುದು ಕೇಳುತ್ತಿತ್ತು. ಎಣಿಸುತ್ತಾಳೆ, ನಿಲ್ಲುತ್ತಾಳೆ, ಅಜ್ಜಿ ಏನೋ ಪಿಸುಗುಡುತ್ತಾರೆ, ಇಬ್ಬರೂ ನಗುತ್ತಾರೆ.

"ಲೇ," ಅಂದ ಬಾದಾಮಿ ಹುಡುಗ, ಕ್ಯಾಲೆಂಡರ್ ನೋಡುತ್ತಲೇ. "ಇನ್ನ ಮ್ಯಾಲ ಕಾರ್ಬನ್ ನೀನ ಹಾಕು."

ನಾನು ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡೆ, ಅವನ ತಾಟಿನಲ್ಲಿದ್ದ ಕೊನೆಯ ಹೋಳಿಗೆ ನನಗೆ ಬರಬೇಕೆಂಬ ಷರತ್ತಿನ ಮೇಲೆ.